ಕಣದಲ್ಲಿ ಕಳೆದ ಹಿಮ್ಮಡಿ

ನನ್ನ ಬಲಗಾಲಿನ ಹಿಮ್ಮಡಿ ಹುಟ್ಟಿನಿಂದ ಬಂದದ್ದಲ್ಲ. ಅದು ನನ್ನ ಎಡಗಾಲಿನ ಮೀನಖಂಡದಿಂದ ತೆಗೆದು ಹಚ್ಚಿದ್ದು. ಒಂಬತ್ತು ವರ್ಷದವಳಿದ್ದಾಗ ಮೈಸೂರಿನ ಒಂದು ಆಸ್ಪತ್ರೆಯಲ್ಲಿ ನನ್ನ ಎರಡೂ ಕಾಲುಗಳನ್ನು ಒಂದಕ್ಕೊಂದು ಹೊಲಿದು, ಮೇಲೆ ಪ್ಲಾಸ್ಟರ್ ಹಾಕಿ, ಮೂರು ವಾರ ಅಲುಗಾಡದಂತೆ ಮಲಗಿಸಿದ್ದರು. ಆಮೇಲೆ ಬಿಡಿಸಿದರು. ಬಿಡಿಸಿದಾಗ ಎಡಗಾಲಿನ ತೊಗಲು ಬಲಗಾಲಿನಲ್ಲಿ ಉಳಿದುಕೊಂಡಿತು. ಈ ಹೊತ್ತಿಗೂ ಅದರ ಮೇಲೆಯೇ ನಡೆಯುತ್ತಿದ್ದೇನೆ.

ಕಾಲು ಜಜ್ಜಿಕೊಂಡ ಮಕ್ಕಳ ತಾಯಂದಿರು ಆಗಾಗ ಯಾರೋ ಹೇಳಿದ್ದು ಕೇಳಿ ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಚಪ್ಪಲಿ ತೆಗೆದು ತೋರಿಸುತ್ತೇನೆ. ಮುಟ್ಟಿ ನೋಡುತ್ತಾರೆ. ಮಗು ನಡೆಯುತ್ತದಾ, ಓಡುತ್ತದಾ, ಮದುವೆಯಾಗುತ್ತದಾ ಎಂದು ಕೇಳುತ್ತಾರೆ. ಹೋದ ಸಲ ಬಂದವಳು ಮಾತ್ರ ಹೊರಡುವಾಗ ಬಾಗಿಲಲ್ಲಿ ನಿಂತು, ಅಕ್ಕಾ, ಸಿಟ್ಟು ಹೋಯ್ತಾ ಎಂದು ಕೇಳಿದಳು. ಹೋಗಿಲ್ಲ ಅಂದೆ. ಅವಳ ಮುಖದಲ್ಲಿ ಎಂಥದೋ ಸಮಾಧಾನ ಕಂಡಿತು. ಹಾಗಾದರೆ ಇದನ್ನೂ ಯಾರಾದರೂ ಹೇಳಬೇಕು ಎನ್ನಿಸಿ ಬರೆಯುತ್ತಿದ್ದೇನೆ.

ನಮ್ಮೂರಿನ ಹೆಸರು ಹೇಳುವುದಿಲ್ಲ. ಆ ಶಾಲೆ ಈಗಲೂ ಇದೆ, ಅಲ್ಲಿ ಓದುವ ಮಕ್ಕಳು ನನಗೇನೂ ಮಾಡಿಲ್ಲ. ತಿ. ನರಸೀಪುರ ತಾಲ್ಲೂಕಿನ ಒಂದು ಸಣ್ಣ ಹಳ್ಳಿ ಅಂದುಕೊಂಡರೆ ಸಾಕು. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಶಾಲೆಯ ಹೆಡ್‌ಮೇಷ್ಟ್ರು ಅದೇ ಊರಿನವರು, ಜಮೀನಿದ್ದವರು. ಅವರ ಎರಡು ಎಕರೆಯನ್ನು ಅಪ್ಪ ವಾರಕ್ಕೆ ಮಾಡುತ್ತಿದ್ದ. ಬೆಳೆದದ್ದರಲ್ಲಿ ಅರ್ಧ ಅವರಿಗೆ, ಅರ್ಧ ನಮಗೆ. ಕಾಗದ ಪತ್ರ ಏನೂ ಇಲ್ಲ, ಬರೀ ಬಾಯಿಮಾತು. ಅಂದರೆ ಬೆಳಿಗ್ಗೆ ಬೇಡ ಅಂದರೆ ಮಧ್ಯಾಹ್ನಕ್ಕೆ ನಮಗೆ ಹೊಲವಿಲ್ಲ.

ಮೇಷ್ಟ್ರು ಮನೆಗೆಲಸಕ್ಕೆ ಶಾಲೆಯ ಮಕ್ಕಳನ್ನು ಕರೆದುಕೊಂಡು ಹೋಗುವುದು ಊರಿಗೆಲ್ಲ ಗೊತ್ತಿತ್ತು. ಅದಕ್ಕೆ ಅವರು ಕೈಕೆಲಸದ ಪಿರಿಯಡ್ ಎನ್ನುತ್ತಿದ್ದರು. ಆ ದಿನ ಪ್ರಾರ್ಥನೆ ಮುಗಿದ ಮೇಲೆ ನಾಲ್ಕನೇ ಕ್ಲಾಸಿನ ಆರು ಮಂದಿಯನ್ನು ಆರಿಸಿದರು. ರಾಗಿ ಕುಯ್ಲು ಮುಗಿದಿತ್ತು. ಒಕ್ಕಣೆಗೆ ಮೊದಲು ಅವರ ಕಣಕ್ಕೆ ನೀರು ಹಾಕಿ, ಸಗಣಿ ಬಳಿದು, ಕಲ್ಲುಗುಂಡು ಉರುಳಿಸಿ ಗಟ್ಟಿ ಮಾಡಬೇಕಾಗಿತ್ತು. ಎತ್ತೊಂದು ಕುಂಟುತ್ತಿತ್ತು. ಎತ್ತಿಗೆ ರಜ ಸಿಕ್ಕಿತು, ಹಗ್ಗ ನಮ್ಮ ಕೈಗೆ ಬಂತು.

ನಮಗೆ ಅದು ಆಟವೇ. ಪಾಠಕ್ಕಿಂತ ಚೆನ್ನಾಗಿತ್ತು. ಮೇಷ್ಟ್ರ ಹೆಂಡತಿ ನಡುವೆ ಮಜ್ಜಿಗೆ ತಂದುಕೊಟ್ಟರು. ಕುಡಿದು ಮತ್ತೆ ಹಗ್ಗ ಹಿಡಿದೆವು. ಕಣದ ಒಂದು ಅಂಚು ಸ್ವಲ್ಪ ಇಳಿಜಾರು. ಅಲ್ಲಿಗೆ ಬಂದಾಗ ಗುಂಡು ತಾನೇ ಉರುಳತೊಡಗಿತು. ಉಳಿದವರು ಹಗ್ಗ ಬಿಟ್ಟು ಪಕ್ಕಕ್ಕೆ ಹಾರಿದರು. ಸಗಣಿ ನೀರಿನಲ್ಲಿ ನನ್ನ ಕಾಲು ಜಾರಿತು. ಗುಂಡು ಹಿಂದಿನಿಂದ ಬಂದು ಹಿಮ್ಮಡಿಯನ್ನು ಹಿಡಿದು, ಅದುಮಿ, ಎಳೆದುಕೊಂಡು ಹೋಯಿತು. ನೆನೆಸಿದ ಅವರೆಕಾಳನ್ನು ಹಿದುಕಿದರೆ ಸಿಪ್ಪೆ ಹೇಗೆ ಬಿಡುತ್ತದೋ ಹಾಗೆ ಬಿಟ್ಟಿತು. ಮೊದಲು ನೋವೇ ಆಗಲಿಲ್ಲ. ಬಿಳಿಯ ಮೂಳೆ ಕಂಡಿತು, ಅದು ನನ್ನದು ಎಂದು ತಿಳಿಯಲಿಲ್ಲ.

ಹೊಂಗೆ ಮರದ ನೆರಳಲ್ಲಿ ನಿಂತಿದ್ದ ಮೇಷ್ಟ್ರು ಓಡಿ ಬಂದರು. ಬಗ್ಗಲಿಲ್ಲ, ಮುಟ್ಟಲಿಲ್ಲ. ಅತ್ತ ಇತ್ತ ನೋಡಿ ಒಂದು ಮಾತು ಕೇಳಿದರು.

"ಯಾರು ನಿನ್ನ ಇಲ್ಲಿಗೆ ಬಾ ಅಂದದ್ದು?"

ಆಮೇಲೆ ನಾನು ಆಸ್ಪತ್ರೆಯಲ್ಲಿ ಏನೇನು ನೋವು ತಿಂದೆನೋ ಅವೆಲ್ಲ ಬೇರೆ. ಈ ಮಾತು ಬೇರೆ. ಸಂಜೆಗೆ ಹಾಜರಿ ಪುಸ್ತಕದಲ್ಲಿ ನನ್ನ ಹೆಸರಿನ ಮುಂದೆ ಗೈರುಹಾಜರಿ ಬಿದ್ದಿತ್ತು ಎಂದು ಗೆಳತಿಯೊಬ್ಬಳು ನೋಡಿ ಹೇಳಿದ್ದಾಳೆ.

ಅವ್ವ ನನ್ನನ್ನು ತನ್ನ ಸೀರೆಯಲ್ಲಿ ಸುತ್ತಿ ಗಾಡಿಯಲ್ಲಿ ನರಸೀಪುರಕ್ಕೆ ತಂದಳು. ಅಲ್ಲಿಯ ಡಾಕ್ಟರು ತೊಳೆದು ಬಟ್ಟೆ ಸುತ್ತಿ, ಇಲ್ಲಿ ಆಗುವುದಿಲ್ಲ, ಮೈಸೂರಿಗೆ ಹೋಗಿ ಅಂದರು. ಕಬ್ಬಿನ ಲಾರಿಯೊಂದರ ಡ್ರೈವರು ತನ್ನ ಪಕ್ಕ ಕೂರಿಸಿಕೊಂಡು ಕರೆತಂದ. ದಾರಿಯುದ್ದಕ್ಕೂ ಅವನು ಹಳ್ಳ ಕಂಡಲ್ಲೆಲ್ಲ ನಿಧಾನ ಮಾಡುತ್ತಿದ್ದ. ಅವನ ಹೆಸರು ಕೇಳಲಿಲ್ಲವಲ್ಲ ಎಂದು ಅವ್ವ ಸಾಯುವವರೆಗೂ ಹೇಳುತ್ತಿದ್ದಳು.

ಮರುದಿನ ಮೇಷ್ಟ್ರು ಬಾಳೆಹಣ್ಣು ಹಿಡಿದುಕೊಂಡು ಆಸ್ಪತ್ರೆಗೆ ಬಂದರು. ಹಣ್ಣನ್ನು ಮಂಚದ ಮೇಲಿಟ್ಟು ಅಪ್ಪನನ್ನು ವರಾಂಡಕ್ಕೆ ಕರೆದರು. ನನ್ನ ಮಂಚ ಕಿಟಕಿಯ ಪಕ್ಕದಲ್ಲಿತ್ತು.

"ಗಾಡಿ ಗಾಲಿಗೆ ಸಿಕ್ಕಿತು ಅಂತ ಹೇಳು. ಪೊಲೀಸು ಅದೂ ಇದೂ ಅಂತಾದರೆ ನಿನಗೇ ತೊಂದರೆ. ಹೊಲ ನಿನ್ನ ಕೈಲೇ ಇರುತ್ತೆ," ಅಂದರು.

"ಆಯ್ತು ಸ್ವಾಮಿ," ಅಂದ ಅಪ್ಪ.

ಇಷ್ಟೇ. ಸ್ವಲ್ಪ ಹೊತ್ತಿಗೆ ಚಿಕ್ಕ ಡಾಕ್ಟರು ಬಂದು ಹೇಗಾಯಿತು ಎಂದು ಕೇಳಿದಾಗ ಅಪ್ಪ ಗಾಡಿಯ ಕಥೆ ಹೇಳಿದ. ಅವ್ವ ಅವನ ಮುಖವನ್ನೇ ನೋಡುತ್ತಿದ್ದಳು. ನಾನು ಗೋಡೆಯ ಕಡೆ ತಿರುಗಿದೆ. ಆ ಬಾಳೆಹಣ್ಣನ್ನು ನಾನು ತಿನ್ನಲಿಲ್ಲ. ವಾರ್ಡಿನ ಆಯಾ ಮರಿಯಮ್ಮ ಎಲ್ಲರಿಗೂ ಹಂಚಿದಳು. ಹಸಿವಿತ್ತು. ಆದರೂ ತಿನ್ನಲಿಲ್ಲ. ಸೇಡು ತೀರಿಸಿಕೊಳ್ಳುವುದು ಹಾಗೆ ಶುರುವಾಯಿತು.

ಮೊದಲ ದಿನಗಳ ಬಗ್ಗೆ ಹೆಚ್ಚು ಬರೆಯಲಾರೆ. ದಿನಾ ಬೆಳಿಗ್ಗೆ ಗಾಯಕ್ಕೆ ಅಂಟಿಕೊಂಡ ಬಟ್ಟೆಯನ್ನು ನೆನೆಸಿ ಬಿಚ್ಚುತ್ತಿದ್ದರು. ಟ್ರೇ ಹಿಡಿದು ಬರುವ ಚಕ್ರದ ಗಾಡಿಯ ಸದ್ದು ಮೂರು ಮಂಚ ಆಚೆ ಕೇಳಿದರೇ ನನಗೆ ಮೂತ್ರ ಹೋಗಿಬಿಡುತ್ತಿತ್ತು. ಮರಿಯಮ್ಮ ಅದಕ್ಕಾಗಿ ಒಮ್ಮೆಯೂ ಗದರಲಿಲ್ಲ. ನನ್ನ ತಲೆಯನ್ನು ತನ್ನ ಹೊಟ್ಟೆಗೆ ಒತ್ತಿ ಹಿಡಿದು, ಕಚ್ಚಬೇಕು ಅನ್ನಿಸಿದರೆ ಸೆರಗು ಕಚ್ಚು ಮಗಾ ಎನ್ನುತ್ತಿದ್ದಳು. ಅವಳ ಸೆರಗಿನಲ್ಲಿ ಫಿನಾಯಿಲ್ ಮತ್ತು ಎಲೆ ಅಡಿಕೆಯ ವಾಸನೆ. ಸತ್ತ ಚರ್ಮವನ್ನು ಕತ್ತರಿಸಿ ತೆಗೆದಷ್ಟೂ ಮೂಳೆ ಹೆಚ್ಚು ಕಾಣುತ್ತಿತ್ತು. ನೋಡಲು ಬಂದ ನೆಂಟರು ಮೂಗಿಗೆ ಸೆರಗು ಹಿಡಿದು ನಿಲ್ಲುತ್ತಿದ್ದರು. ದೊಡ್ಡತ್ತೆ ಹಣೆಬರಹ ಅಂದಳು. ಅಲ್ಲೇ ಇದ್ದ ಅವ್ವ, ಹಣೆಬರಹ ಬರೆಯೋರು ಕಣದಾಗೆ ನಿಂತಿರ್ತಾರಾ ಎಂದು ಕೇಳಿದಳು. ಅತ್ತೆ ಮತ್ತೆ ಬರಲಿಲ್ಲ.

ಪಾದವನ್ನು ಗಿಣ್ಣಿನ ಹತ್ತಿರ ತೆಗೆಯಬೇಕಾಗಬಹುದು ಎಂದು ಚಿಕ್ಕ ಡಾಕ್ಟರು ನರ್ಸಿಗೆ ಹೇಳಿದ್ದು ನನ್ನ ಕಿವಿಗೂ ಬಿತ್ತು. ಹಾಗೆ ಹೇಳಿದ ಎರಡು ದಿನಕ್ಕೆ ದೊಡ್ಡ ಡಾಕ್ಟರು ಬಂದರು. ವಾರಕ್ಕೆ ಎರಡು ಸಲ ಮಾತ್ರ ಆ ವಾರ್ಡಿಗೆ ಬರುತ್ತಿದ್ದ, ಸುಟ್ಟವರಿಗೆ ಮತ್ತು ಜಜ್ಜಿಹೋದವರಿಗೆ ಚರ್ಮ ಹಚ್ಚುವ ಡಾಕ್ಟರು. ವಯಸ್ಸಾಗಿತ್ತು, ಕನ್ನಡಕದ ಒಂದು ಕಡ್ಡಿಗೆ ದಾರ ಸುತ್ತಿದ್ದರು. ಗಾಯವನ್ನು ಬಹಳ ಹೊತ್ತು ನೋಡಿದರು. ಚಿಕ್ಕ ಡಾಕ್ಟರು ಬರೆದಿಟ್ಟಿದ್ದ ಚೀಟಿ ಓದಿದರು.

"ಗಾಡಿ ಗಾಲಿ ಅಂತ ಬರೆದಿದೆ. ಗಾಯದಲ್ಲಿ ಸಗಣಿ ಇತ್ತು ಅಂತಲೂ ಬರೆದಿದೆ. ಗಾಲಿ ಹೀಗೆ ಸುಲಿಯೋದಿಲ್ಲ," ಎಂದು ಅಪ್ಪನಿಗೆ ಹೇಳಿ, ನನ್ನ ಕಡೆ ತಿರುಗಿದರು. "ನೀನು ಹೇಳಮ್ಮ."

ಅಪ್ಪ ಬಾಗಿಲ ಕಡೆ ನೋಡಿದ. ಅವ್ವ ನನ್ನ ಭುಜದ ಮೇಲೆ ಕೈಯಿಟ್ಟಳು. ಒತ್ತಲಿಲ್ಲ, ತೆಗೆಯಲೂ ಇಲ್ಲ.

"ಮೇಷ್ಟ್ರ ಕಣದಾಗೆ ಗುಂಡು ಎಳೀತಿದ್ದೋ ಸಾ. ಅವ್ರೇ ಕರ್ಕೊಂಡೋಗಿದ್ರು," ಅಂದೆ.

ಅವರು ಮೇಷ್ಟ್ರ ಹೆಸರು ಕೇಳಿದರು. ನಾನು ಹೇಳಿದೆ. ಅದೇ ಚೀಟಿಯಲ್ಲಿ ಮೊದಲು ಬರೆದದ್ದಕ್ಕೆ ಅಡ್ಡಗೆರೆ ಎಳೆದು, ಕೆಳಗೆ ಬರೆದರು. ಅಪ್ಪನಿಗೆ ಏನೂ ಅನ್ನಲಿಲ್ಲ. ಒಬ್ಬ ದೊಡ್ಡವರು ನನ್ನ ಮಾತನ್ನು ಕೇಳಿ ಕಾಗದಕ್ಕೆ ಇಳಿಸಿದ್ದು ಅದೇ ಮೊದಲು. ಮುಂದೆ ಅವರು ನನ್ನ ಕಾಲನ್ನೂ ಉಳಿಸಿದರು, ಸರಿ. ಆದರೆ ಅವರನ್ನು ನೆನೆದಾಗ ನನಗೆ ಮೊದಲು ಕಾಣುವುದು ಆ ಪೆನ್ನು.

ಆಮೇಲೆ ಅವರು ಹಳೆಯ ಪೇಪರೊಂದನ್ನು ತೆಗೆದುಕೊಂಡು, ಮೂರು ಕಡೆ ಕತ್ತರಿಸಿ, ಒಂದು ಕಡೆ ಹಾಗೇ ಬಿಟ್ಟು, ಬಾಗಿಲಿನಂತೆ ತೆರೆದು ತೋರಿಸಿದರು. ಎಡಗಾಲಿನ ಮೀನಖಂಡದ ಚರ್ಮವನ್ನು ಹೀಗೆ ಎತ್ತುತ್ತೇನೆ, ಬಲಗಾಲಿನ ಹಿಮ್ಮಡಿಯನ್ನು ಅದರ ಕೆಳಗೆ ತಂದು ಹೊಲಿಯುತ್ತೇನೆ. ಅಂಟಿಕೊಂಡಿರುವ ಆ ಒಂದು ಕಡೆಯಿಂದ ರಕ್ತ ಬರುತ್ತಿರುತ್ತದೆ. ಮೂರು ವಾರದಲ್ಲಿ ಹಿಮ್ಮಡಿಯೇ ಅದಕ್ಕೆ ರಕ್ತ ಕೊಡಲು ಕಲಿಯುತ್ತದೆ. ಆಗ ಬಿಡಿಸುತ್ತೇನೆ. ಹಿಡಿಯದೆಯೂ ಹೋಗಬಹುದು ಎಂದೂ ಹೇಳಿದರು. ಮುಚ್ಚಿಡಲಿಲ್ಲ.

ಅಪ್ಪ ಬೇಡವೇ ಬೇಡ ಅಂದ. ಒಂದು ಕಾಲು ಹೋಗಿದೆ, ಚೆನ್ನಾಗಿರುವುದನ್ನೂ ಕುಯ್ದರೆ ಹುಡುಗಿ ತೆವಳಬೇಕಾಗುತ್ತದೆ ಎಂದು ಅತ್ತ. ಅವನ ಭಯ ಸುಳ್ಳಾಗಿರಲಿಲ್ಲ. ಆದರೆ ಆ ಹೊತ್ತಿಗೆ ಅವನ ಮಾತಿಗೆ ನಮ್ಮಿಬ್ಬರ ಹತ್ತಿರ ಬೆಲೆ ಉಳಿದಿರಲಿಲ್ಲ. ಅವ್ವ ಪೇಪರಿನ ಬಾಗಿಲನ್ನು ತೆರೆದು ಮುಚ್ಚಿ, ತೆರೆದು ಮುಚ್ಚಿ ನೋಡಿದಳು.

"ಗೆಣಸಿನ ಬಳ್ಳಿ ಇದ್ದಂಗೆ ಕಣಾ," ಅಂದಳು ಅಪ್ಪನಿಗೆ. "ಬಳ್ಳಿ ಆಚೆ ಮಡೀಗೆ ಹಬ್ಬಿ ಬೇರು ಬಿಟ್ಮೇಲೆ ಈಚೆ ಕುಯ್ದ್ರೂ ಬದುಕ್ತದೆ. ನೀನೇ ದಿನಾ ಮಾಡೋ ಕೆಲ್ಸ."

ಹೆಬ್ಬೆಟ್ಟು ಒತ್ತಿದ್ದು ಅವ್ವ.

ಮುಖಕ್ಕೆ ಮುಚ್ಚಳ ಇಟ್ಟು ಏನೋ ಘಾಟು ವಾಸನೆ ಕುಡಿಸಿದರು. ಎಣಿಸು ಅಂದರು, ಏಳರವರೆಗೆ ಎಣಿಸಿದೆ. ಎದ್ದಾಗ ಸೊಂಟದಿಂದ ಕೆಳಗೆ ಒಂದು ಬಿಳಿಯ ಬಂಡೆ ಇತ್ತು. ಬಲ ಮಂಡಿ ಮಡಿಸಿ, ಬಲ ಹಿಮ್ಮಡಿ ಎಡ ಮೀನಖಂಡಕ್ಕೆ ಅಂಟಿಕೊಂಡು, ಎರಡೂ ಕಾಲಿನ ಪ್ಲಾಸ್ಟರುಗಳ ನಡುವೆ ಒಂದು ಮರದ ಕೋಲು. ನನ್ನನ್ನು ಹೊರಳಿಸಬೇಕಾದರೆ ಆ ಕೋಲು ಹಿಡಿದು ಎತ್ತುತ್ತಿದ್ದರು, ಬುಟ್ಟಿಯ ಹಿಡಿ ಹಿಡಿದ ಹಾಗೆ. ಗಾಳಿಗೆಂದು ಒಂದು ಚಿಕ್ಕ ಕಿಟಕಿ ಬಿಟ್ಟಿದ್ದರು. ದೊಡ್ಡ ಡಾಕ್ಟರು ಬಂದಾಗಲೆಲ್ಲ ಅಲ್ಲಿ ಬೆರಳಿಂದ ಒತ್ತಿ, ಬೆಳ್ಳಗಾದದ್ದು ಮತ್ತೆ ಕೆಂಪಾಗುತ್ತದಾ ಎಂದು ನೋಡುತ್ತಿದ್ದರು. ಅವರು ಉಸಿರು ಬಿಡುವವರೆಗೆ ಅವ್ವನೂ ಬಿಡುತ್ತಿರಲಿಲ್ಲ. ಅವರು ಒತ್ತುತ್ತಿದ್ದದ್ದು ಬಲ ಹಿಮ್ಮಡಿಯ ಮೇಲೆ, ನನಗೆ ಗೊತ್ತಾಗುತ್ತಿದ್ದದ್ದು ಎಡಗಾಲಿನಲ್ಲಿ. ಹೇಳಿದರೆ ಯಾರೂ ನಂಬಲಾರರು ಎಂದು ಸುಮ್ಮನಿದ್ದೆ. ಕೊನೆಗೆ ಮರಿಯಮ್ಮನಿಗೆ ಹೇಳಿದೆ. ಚರ್ಮಕ್ಕೆ ಮನೆ ಬದಲಾದದ್ದು ಇನ್ನೂ ತಿಳಿದಿಲ್ಲ ಬಿಡು ಅಂದಳು.

ಮೂರು ವಾರ ಅಂದರೆ ಎಷ್ಟು ಎಂದು ಪ್ಲಾಸ್ಟರಿನಲ್ಲಿ ಇದ್ದವರಿಗೇ ಗೊತ್ತು. ನವೆ. ಪೊರಕೆ ಕಡ್ಡಿ ತೂರಿಸಿ ಕೆರೆದರೂ ಸಿಗದ ನವೆ. ತಿಗಣೆ. ಮಲಗಿಯೇ ಎಲ್ಲ ಮಾಡಬೇಕು, ಒಂಬತ್ತು ವರ್ಷದ ಹುಡುಗಿಗೆ ನಾಚಿಕೆ ಬಂದಿರುತ್ತದೆ. ತೊಡೆಯ ಚರ್ಮವನ್ನು ತೆಳುವಾಗಿ ಕೆತ್ತಿ ತೆಗೆದು, ಮೀನಖಂಡದಲ್ಲಿ ಬರಿದಾದ ಜಾಗಕ್ಕೆ ಹೊದಿಸಿದ್ದರು. ಎಲ್ಲಕ್ಕಿಂತ ಉರಿ ಆ ತೊಡೆಯದೇ. ಅಳುವುದರಿಂದ ಸುಸ್ತು ಬಿಟ್ಟು ಇನ್ನೇನೂ ಸಿಗುವುದಿಲ್ಲ ಎಂದು ಗೊತ್ತಾದ ಮೇಲೆ ನಾನು ಮೇಷ್ಟ್ರಿಗೆ ಶಿಕ್ಷೆ ಕೊಡತೊಡಗಿದೆ. ಬೆಳಿಗ್ಗೆ ಒಂದು ಶಿಕ್ಷೆ, ಸಂಜೆ ಒಂದು. ಒಂದು ದಿನ ಅವರನ್ನು ಅವರ ಕುಂಟೆತ್ತಿಗೆ ಹೊಲಿದು ಪ್ಲಾಸ್ಟರ್ ಹಾಕಿಸಿದೆ. ಇನ್ನೊಂದು ದಿನ ನಾವು ಆರೂ ಜನ ಹೊಂಗೆ ಮರದ ಕೆಳಗೆ ಕೂತು ಮಜ್ಜಿಗೆ ಕುಡಿದೆವು, ಅವರು ಗುಂಡು ಎಳೆದರು. ಇದನ್ನೆಲ್ಲ ಮರಿಯಮ್ಮನಿಗೆ ಹೇಳುತ್ತಿದ್ದೆ. ತಲೆಗೆ ಎಣ್ಣೆ ಹಚ್ಚಿ ಜಡೆ ಹಾಕುತ್ತ ಕೇಳುತ್ತಿದ್ದಳು. ಬೇರೆ ಯಾರಾದರೂ ಆಗಿದ್ದರೆ ಪಾಪ ಬರುತ್ತದೆ ಎನ್ನುತ್ತಿದ್ದರು. ಅವಳು, ಇವತ್ತಿಂದು ಸಾಲದು, ನಾಳೆ ಇನ್ನೂ ಚೆನ್ನಾಗಿ ಯೋಚನೆ ಮಾಡು ಅನ್ನುತ್ತಿದ್ದಳು. ನನಗೆ ಸಿಕ್ಕ ಔಷಧಿಗಳಲ್ಲಿ ಅದೂ ಒಂದು.

ಎರಡನೇ ವಾರ ಅವ್ವನ ತಮ್ಮ, ನನ್ನ ಮಾವ, ಊರಿನಿಂದ ಬಂದ. ಬಂದವನು ಕಾಲನ್ನು ನೋಡುವ ಮೊದಲೇ ಸ್ಟೂಲು ಎಳೆದು ಕೂತು, ನಿಮ್ಮಜ್ಜಿ ಏನು ಮಾಡಿದಳು ಗೊತ್ತಾ ಅಂದ.

ಅಜ್ಜಿ ಅಂದರೆ ಅಪ್ಪನ ಅವ್ವ, ಕೆಂಪಮ್ಮ. ಒಣಗಿದ ಕಡ್ಡಿಯಂಥ ಹೆಂಗಸು. ಮಗ ಗಾಡಿಯ ಕಥೆ ಹೇಳಿದ್ದು ಅವಳಿಗೆ ತಿಳಿದಿತ್ತು. ಹಗ್ಗ ಎಳೆದ ಐದು ಮಕ್ಕಳೂ ಮನೆಗಳಲ್ಲಿ ಬಾಯಿ ಬಿಟ್ಟಿದ್ದರಿಂದ ನಿಜವೂ ತಿಳಿದಿತ್ತು. ಅವಳು ಯಾರ ಮನೆಗೂ ಹೋಗಿ ಜಗಳವಾಡಲಿಲ್ಲ. ಒಂದು ಬೆಳಿಗ್ಗೆ ಮೊರ ಮತ್ತು ಜರಡಿ ತೆಗೆದುಕೊಂಡು ಮೇಷ್ಟ್ರ ಕಣಕ್ಕೆ ಹೋಗಿ ನಟ್ಟನಡುವೆ ಕೂತಳು. ಕಣದ ಮಣ್ಣನ್ನು ಕೆರೆದು ಕೆರೆದು ಜರಡಿ ಹಿಡಿಯತೊಡಗಿದಳು. ಒಕ್ಕಣೆಗೆ ಬಂದ ಆಳುಗಳು ಏನಜ್ಜಿ ಹುಡುಕ್ತಿದ್ದೀಯ ಎಂದು ಕೇಳಿದರು.

"ನನ್ ಮೊಮ್ಮಗಳ ಹಿಮ್ಮಡಿ ಕಣಪ್ಪ. ಇಲ್ಲೇ ಬಿದ್ದೋಗದೆ. ಸಿಕ್ಕೋಗಂಟ ಹುಡುಕ್ತೀನಿ," ಅಂದಳಂತೆ, ಮೂಗುಬೊಟ್ಟು ಕಳೆದುಕೊಂಡವಳ ಹಾಗೆ.

ಆಳುಗಳು ಕಣದೊಳಗೆ ಕಾಲಿಡಲಿಲ್ಲ. ಮಗುವಿನ ಮಾಂಸ ಬಿದ್ದ ಜಾಗದಲ್ಲಿ ರಾಗಿ ತುಳಿಯುವುದು ಹೇಗೆ? ಮರುದಿನವೂ ಅಜ್ಜಿ ಬಂದಳು. ಅದರ ಮರುದಿನವೂ. ಮಧ್ಯಾಹ್ನ ಅಲ್ಲೇ ಮುದ್ದೆ ಮುರಿದು ತಿನ್ನುತ್ತಿದ್ದಳು. ಹೊತ್ತು ಮುಳುಗಿದಾಗ ಮನೆಗೆ ಹೋಗುತ್ತಿದ್ದಳು. ಮೇಷ್ಟ್ರು ಮುದುಕಿಗೆ ಹುಚ್ಚು ಅಂದರು. ಎತ್ತಿ ಆಚೆ ಹಾಕಿ ಅಂದರೆ ಅವಳನ್ನು ಮುಟ್ಟಲು ಒಬ್ಬನೂ ಬರಲಿಲ್ಲ. ಪೊಲೀಸರನ್ನು ಕರೆಸುವಂತೆಯೂ ಇರಲಿಲ್ಲ. ಬಂದವರು ಮೊದಲು ಈಕೆ ಏನು ಹುಡುಕುತ್ತಿದ್ದಾಳೆ ಎಂದೇ ಕೇಳುತ್ತಿದ್ದರು. ಕೊನೆಗೆ ಮೇಷ್ಟ್ರು ಅಪ್ಪನನ್ನು ಕರೆದು ನಿನ್ನ ತಾಯಿಗೆ ಬುದ್ಧಿ ಹೇಳು ಅಂದರು. ಅಪ್ಪ ಹೋದ. ಅಜ್ಜಿ ತಲೆ ಎತ್ತದೆ, ನೀನೂ ಕೂತ್ಕೊ, ನಾಕ್ ಕಣ್ಣಿದ್ರೆ ಬಿರ‍್ನೆ ಸಿಗ್ತದೆ ಅಂದಳಂತೆ. ಅಪ್ಪ ಬಹಳ ಹೊತ್ತು ಕಣದ ಅಂಚಿನಲ್ಲಿ ನಿಂತಿದ್ದು ವಾಪಸು ಬಂದನಂತೆ.

ಒಂಬತ್ತನೇ ದಿನ ಕಣಕ್ಕೆ ಬಂದದ್ದು ಮೇಷ್ಟ್ರ ಹೆಂಡತಿ. ಅಷ್ಟು ಹೊತ್ತಿಗೆ ಬೇಲಿಯಾಚೆ ನಿಂತು ನೋಡುವುದು ಊರಿಗೆ ರೂಢಿಯಾಗಿತ್ತು. ಆಕೆ ಎಲ್ಲರೂ ನೋಡುತ್ತಿದ್ದಂತೆ ಆ ಇಳಿಜಾರಿನ ಅಂಚಿಗೆ ಹೋಗಿ, ಒಂದು ಬಿಳಿ ಬಟ್ಟೆ ಹಾಸಿ, ಅಲ್ಲಿಯ ಮಣ್ಣನ್ನು ಎರಡು ಬೊಗಸೆ ತೆಗೆದು ಗಂಟು ಕಟ್ಟಿ, ಅಜ್ಜಿಯ ಮಡಿಲಲ್ಲಿ ಇಟ್ಟರಂತೆ.

"ಇಲ್ಲೇ ಕಣಜ್ಜಿ ಆಗಿದ್ದು. ಮಕ್ಕಳಿಗೆ ಮಜ್ಜಿಗೆ ಕೊಟ್ಟೋಳು ನಾನೇ. ಸಿಕ್ತು ಅಂದ್ಕೊಂಡು ಎದ್ದೇಳು."

ಅಜ್ಜಿ ಎದ್ದಳು. ಗಂಟನ್ನು ಮನೆಗೆ ತರಲಿಲ್ಲ. ಶಾಲೆಯ ಮುಂದಿನ ಅರಳಿಮರದ ಬುಡದಲ್ಲಿ ಗುಂಡಿ ತೋಡಿ ಹೂತು, ಮೇಲೊಂದು ಕಲ್ಲಿಟ್ಟು, ಅರಿಶಿನ ಹಚ್ಚಿದಳು. ಶಾಲೆಗೆ ಹೋಗಬೇಕಾದರೆ ಮೇಷ್ಟ್ರು ದಿನಾ ಅದನ್ನು ದಾಟಿಯೇ ಹೋಗಬೇಕು. ಅವರ ರಾಗಿಯನ್ನು ಊರಲ್ಲಿ ಯಾರೂ ಒಕ್ಕಲಿಲ್ಲ. ಗಾಡಿಗಳಿಗೆ ಹೇರಿಕೊಂಡು ಹೆಮ್ಮಿಗೆಯ ಕಡೆ ಯಾರೋ ನೆಂಟರ ಕಣಕ್ಕೆ ಸಾಗಿಸಿದರು. ಅಲ್ಲಿಂದ ಮುಂದೆ ಊರಲ್ಲಿ ಅವರಿಗೆ ಹಿಮ್ಮಡಿ ಮೇಷ್ಟ್ರು ಎಂದೇ ಹೆಸರು.

ಮಾವ ಇದನ್ನು ಹೇಳಿ ಮುಗಿಸಿದಾಗ ನಾನು ನಕ್ಕೆ. ಆಸ್ಪತ್ರೆಗೆ ಬಂದ ಮೇಲೆ ಮೊದಲ ಸಲ. ಪ್ಲಾಸ್ಟರ್ ಅಲುಗಿ ಹೊಲಿಗೆ ಜಗ್ಗಿ ಕಣ್ಣಲ್ಲಿ ನೀರು ಬಂದರೂ ನಗು ನಿಲ್ಲಲಿಲ್ಲ. ನರ್ಸು ಓಡಿ ಬಂದರು. ಅವ್ವ ಗೋಡೆಗೆ ಒರಗಿ ಸೆರಗು ಬಾಯಿಗೊತ್ತಿಕೊಂಡು ಅವಳೂ ನಗುತ್ತಿದ್ದಳು. ಇಡೀ ವಾರ್ಡಿಗೆ ಕಥೆ ಹರಡಿತು. ಬೇರೆ ವಾರ್ಡಿನವರೂ ಬಂದು ಕಣದಜ್ಜಿಯ ಮೊಮ್ಮಗಳು ಯಾರು ಎಂದು ಕೇಳಿ ನೋಡಿಕೊಂಡು ಹೋದರು.

ಮೂರು ವಾರಕ್ಕೆ ಕಾಲು ಬಿಡಿಸಿದರು. ಎಲ್ಲ ಸುಖವಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಬಿಡಿಸಿದ ಎರಡನೇ ದಿನ ಹೊಸ ಹಿಮ್ಮಡಿಯ ಒಂದು ಅಂಚು ನೀಲಿಯಾಯಿತು, ಆಮೇಲೆ ಕಪ್ಪಾಯಿತು. ದೊಡ್ಡ ಡಾಕ್ಟರು ದಿನವೂ ಬಂದರು. ಅವರು ಬರುವ ದಿನವಲ್ಲದ ದಿನವೂ ಬಂದದ್ದರಿಂದಲೇ ನಮಗೆ ಹೆದರಿಕೆ ಹೆಚ್ಚಾಯಿತು. ಅವ್ವ ನಂಜನಗೂಡಿನ ದೇವರಿಗೆ ಉರುಳುಸೇವೆ ಹೇಳಿಕೊಂಡಳು. ಹೆಬ್ಬೆರಳು ಅಗಲ ಕಪ್ಪಾಗಿ ಅಷ್ಟಕ್ಕೇ ನಿಂತಿತು. ಅಷ್ಟನ್ನು ಕತ್ತರಿಸಿ ತೆಗೆದರು. ಉಳಿದದ್ದು ಹಿಡಿಯಿತು. ಹಿಡಿಯಿತು ಕಣಮ್ಮ ಎಂದು ಅವರು ಅವ್ವನಿಗೆ ಹೇಳಿ, ಕನ್ನಡಕ ತೆಗೆದು ಒರೆಸಿಕೊಂಡರು.

ಆ ವಾರವೇ ಅಪ್ಪ ಬಂದು ಮಂಚದ ಪಕ್ಕ ನೆಲದ ಮೇಲೆ ಕೂತ. ಹೊಲ ಕಿತ್ತುಕೊಂಡರು ಅಂದ. ಅವ್ವ ಒಳ್ಳೇದಾಯ್ತು ಅಂದಳು. ನಾನು ಅವನ ಹತ್ತಿರ ಮಾತು ಬಿಟ್ಟು ಒಂದು ತಿಂಗಳಿಗೂ ಹೆಚ್ಚಾಗಿತ್ತು. ಆ ದಿನ ಮಾತಾಡಿದೆ. ಡಾಕ್ಟರಿಗೆ ಹೇಳು ಅಂದೆ. ಏನೆಂದು ಅವನು ಕೇಳಲಿಲ್ಲ. ದೊಡ್ಡ ಡಾಕ್ಟರು ರೌಂಡ್ಸಿಗೆ ಬಂದಾಗ ಎದ್ದು ನಿಂತು, ಹೆಗಲ ಮೇಲಿನ ಟವಲ್ಲು ಕೈಗೆ ತೆಗೆದುಕೊಂಡ.

"ಗಾಡಿ ಅಲ್ಲ ಸಾ. ಸುಳ್ಳೇಳಿದ್ದೆ."

"ನನಗೆ ಗೊತ್ತು," ಅಂದರು ಡಾಕ್ಟರು. "ಮಗಳಿಗೆ ಹೇಳಿದೆಯಾ?"

ಅವನು ನನ್ನ ಕಡೆ ತಿರುಗಿದ. ಕಾಲಿನ ಕಡೆ ಕೈ ಚಾಚಿ ಸುತ್ತಿದ ಬಟ್ಟೆಯಿಂದ ಹೊರಬಂದಿದ್ದ ಬೆರಳುಗಳನ್ನು ಹಿಡಿದುಕೊಂಡ. ನಾನು ಎಳೆದುಕೊಳ್ಳಲಿಲ್ಲ. ಅದಕ್ಕಿಂತ ಹೆಚ್ಚು ಆ ದಿನ ನನ್ನಿಂದ ಆಗುತ್ತಿರಲಿಲ್ಲ.

ಊರಿಗೆ ಮರಳಿ ಶಾಲೆಗೆ ಹೋದರೆ ಬಹಳ ದಿನ ಬಾರದ ಕಾರಣ ಹೆಸರು ಹೊಡೆದುಹಾಕಿದ್ದೇವೆ ಅಂದರು. ಮೇಷ್ಟ್ರ ಮೇಲೆ ವಿಚಾರಣೆ ಆಗಲಿಲ್ಲ, ಕೆಲಸ ಹೋಗಲಿಲ್ಲ. ಅಂಥ ನ್ಯಾಯ ನಮಗೆ ಸಿಗಲಿಲ್ಲ ಎಂದೂ ಬರೆದಿಡುತ್ತೇನೆ. ಅಪ್ಪ ನಂಜನಗೂಡಿನಲ್ಲಿ ಮೂಟೆ ಹೊತ್ತ, ಗಾರೆ ಕೆಲಸ ಮಾಡಿದ, ಕೆಲವು ವರ್ಷಗಳಾದ ಮೇಲೆ ಪಕ್ಕದ ತಾಂಡ್ಯದ ಒಂದು ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ನಾವೆಲ್ಲ ಮೊದಲೇ ಅವನ ಜೊತೆ ನಂಜನಗೂಡಿಗೆ ಬಂದಿದ್ದೆವು. ನನಗೆ ಅಲ್ಲಿಯ ಶಾಲೆಯಾಯಿತು. ಅಜ್ಜಿ ಮಾತ್ರ ಊರು ಬಿಡಲಿಲ್ಲ. ಕಲ್ಲಿಗೆ ಅರಿಶಿನ ಹಚ್ಚುವವರು ಯಾರು ಅಂದಳು.

ಹೊಸ ಹಿಮ್ಮಡಿ ಹಿಟ್ಟಿನ ಉಂಡೆ ಮೆತ್ತಿದಂತೆ ದಪ್ಪ. ಅದಕ್ಕೆ ಏನೂ ತಿಳಿಯುವುದಿಲ್ಲ. ಎಡಗಾಲಿನಿಂದ ಕಿತ್ತ ಮೇಲೆ ಅದು ಮೂಕಾಯಿತು. ಅವ್ವ ಹರಕೆ ತೀರಿಸಿದ ದಿನ ದೇವಸ್ಥಾನದ ಹಾಸುಗಲ್ಲಿನ ಮೇಲೆ ಮಧ್ಯಾಹ್ನದ ಬಿಸಿಲಲ್ಲಿ ಎಲ್ಲರೂ ಕುಣಿಯುತ್ತ ಓಡುತ್ತಿದ್ದರೆ ನಾನು ಬಲ ಹಿಮ್ಮಡಿ ಊರಿ ನೆಮ್ಮದಿಯಾಗಿ ನಿಂತಿದ್ದೆ. ಮನೆಗೆ ಬಂದು ನೋಡಿದರೆ ಬೊಬ್ಬೆ. ಅದು ಒಣಗಲು ಎರಡು ತಿಂಗಳು ಬೇಕಾಯಿತು. ಅಂದಿನಿಂದ ದಿನಾ ಸಂಜೆ ಕನ್ನಡಿ ಹಿಡಿದು ಹಿಮ್ಮಡಿ ನೋಡಿಕೊಳ್ಳುತ್ತೇನೆ. ಮುಳ್ಳು ಚುಚ್ಚಿದ್ದರೂ ಅದು ಹೇಳುವುದಿಲ್ಲ, ನಾನೇ ಕೇಳಬೇಕು. ಬಂದ ತಾಯಂದಿರಿಗೆ ಇದನ್ನು ತಪ್ಪದೆ ಹೇಳುತ್ತೇನೆ. ಮೆತ್ತೆ ಇಟ್ಟ ಚಪ್ಪಲಿ ಇಲ್ಲದೆ ಮನೆಯೊಳಗೂ ನಡೆಸಬೇಡಿ ಎನ್ನುತ್ತೇನೆ. ಮಗು ಯಾರ ಮೇಲಾದರೂ ಹಲ್ಲು ಕಡಿಯುತ್ತಿದ್ದರೆ ಕಡಿಯಲು ಬಿಡಿ, ಕ್ಷಮಿಸು ಎಂದು ಅವಸರ ಮಾಡಬೇಡಿ ಎಂದೂ ಹೇಳುತ್ತೇನೆ.

ಇನ್ನೊಂದು ಸಂಗತಿ ಉಳಿದಿದೆ. ಎಂಬತ್ತರ ದಶಕದ ಕೊನೆಯ ಹೊತ್ತಿಗೆ ನಾನು ಪಿಯುಸಿ ಮುಗಿಸಿ ತಾಂಡ್ಯದಲ್ಲೇ ಒಂದು ಕಾರ್ಖಾನೆಯ ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದೆ. ಒಂದು ಭಾನುವಾರ ಅಜ್ಜಿಯನ್ನು ನೋಡಿಕೊಂಡು ನರಸೀಪುರದಲ್ಲಿ ನಂಜನಗೂಡಿನ ಬಸ್ಸು ಹತ್ತಿದೆ. ಮುಂದಿನ ಬಾಗಿಲ ಹತ್ತಿರ ಸೀಟು ಸಿಕ್ಕಿತು. ಪಕ್ಕದಲ್ಲಿ ಸೌತೆಕಾಯಿ ಬುಟ್ಟಿ ಇಟ್ಟುಕೊಂಡ ಒಬ್ಬ ಹೆಂಗಸು. ಬಸ್ಸು ತುಂಬಿತ್ತು. ಹೊರಡುವ ಹೊತ್ತಿಗೆ ಹತ್ತಿದ ಮೇಷ್ಟ್ರು ನನ್ನ ಸೀಟಿನ ಕಂಬಿ ಹಿಡಿದು ನಿಂತರು. ಕೂದಲು ಪೂರಾ ಬೆಳ್ಳಗಾಗಿತ್ತು, ಪಂಚೆಯ ಅಂಚು ಮಾತ್ರ ಅದೇ ಗರಿಗರಿ. ನನ್ನ ಗುರುತು ಸಿಗಲಿಲ್ಲ. ವಯಸ್ಸಾಗಿದೆ, ಸ್ವಲ್ಪ ಜಾಗ ಬಿಡಮ್ಮ ಎಂದು ಕೇಳಿದರು.

ಕಾಲು ಸರಿಯಿಲ್ಲ, ನಿಂತುಕೊಳ್ಳಲು ಆಗುವುದಿಲ್ಲ ಮೇಷ್ಟ್ರೇ ಅಂದೆ. ಮೇಷ್ಟ್ರೇ ಎಂದದ್ದಕ್ಕೆ ಮುಖ ನೋಡಿದರು. ಯಾರ ಮಗಳು ಎಂದು ಕೇಳಿದರು. ಅಪ್ಪನ ಹೆಸರು ಹೇಳಿದೆ, ಅಜ್ಜಿಯ ಹೆಸರೂ ಹೇಳಿದೆ. ಕಂಬಿಯ ಮೇಲಿದ್ದ ಕೈ ಸ್ವಲ್ಪ ಸರಿಯಿತು. ಆದರೆ ಅವರು ಮಾತಿನಲ್ಲಿ ಪಳಗಿದವರು. ನಕ್ಕರು.

"ಓ, ನೀನಾ. ಕಾಲು ವಾಸಿಯಾಯ್ತಲ್ಲ. ದೇವರು ದೊಡ್ಡವನು."

ಅಷ್ಟು ವರ್ಷ ಯೋಚಿಸಿಟ್ಟಿದ್ದ ಶಿಕ್ಷೆಗಳಲ್ಲಿ ಒಂದೂ ನೆನಪಿಗೆ ಬರಲಿಲ್ಲ. ನಾನು ಚಪ್ಪಲಿ ತೆಗೆದೆ. ಬಲಗಾಲನ್ನು ಎತ್ತಿ ಎಡ ಮಂಡಿಯ ಮೇಲೆ ಇಟ್ಟುಕೊಂಡು ಹಿಮ್ಮಡಿಯನ್ನು ಅವರ ಕಡೆಗೆ ತಿರುಗಿಸಿದೆ.

"ನೋಡಿ ಮೇಷ್ಟ್ರೇ," ಅಂದೆ. "ಅವತ್ತು ನೀವು ಬಗ್ಗಿ ನೋಡಲಿಲ್ಲ. ಈಗ ನೋಡಿ. ಬಗ್ಗೋದೂ ಬೇಡ."

ಅವರು ಕಿಟಕಿಯಾಚೆ ನೋಡಿದರು. ನಾನು ಕಾಲು ಇಳಿಸಲಿಲ್ಲ. ಸೌತೆಕಾಯಿಯ ಹೆಂಗಸು ನೋಡಿದಳು, ಹಿಂದಿನ ಸೀಟಿನವರು ಬಗ್ಗಿ ನೋಡಿದರು, ಟಿಕೆಟ್ ಹರಿಯುತ್ತಿದ್ದ ಕಂಡಕ್ಟರೂ ನೋಡಿದ. ಅವರೊಬ್ಬರು ನೋಡಲಿಲ್ಲ. ಎರಡು ಮೈಲಿ ಹೋಗಿರಬಹುದು. ನಿಲ್ಸಪ್ಪ, ಇಲ್ಲೇ ಇಳೀಬೇಕು ಎಂದು ಕಂಡಕ್ಟರಿಗೆ ಹೇಳಿದರು. ಟಿಕೆಟ್ಟು ನಂಜನಗೂಡಿಗಲ್ಲವಾ ಎಂದು ಅವನು ಕೇಳಿದ. ಅವರು ಬಾಗಿಲ ಕಡೆ ಸರಿದರು. ಎರಡೂ ಕಡೆ ಕಬ್ಬಿನ ಗದ್ದೆ ಬಿಟ್ಟರೆ ಒಂದು ಮನೆಯೂ ಇಲ್ಲದ ಜಾಗದಲ್ಲಿ, ನೆತ್ತಿಯ ಮೇಲಿನ ಬಿಸಿಲಲ್ಲಿ ಇಳಿದರು. ಅಯ್ಯೋ ಅನ್ನಿಸುತ್ತದೇನೋ ಎಂದು ಸ್ವಲ್ಪ ಹೊತ್ತು ಕಾದೆ. ಅನ್ನಿಸಲಿಲ್ಲ.

ಬಸ್ಸು ಹೊರಟ ಮೇಲೆ ಸೌತೆಕಾಯಿಯ ಹೆಂಗಸು ಬುಟ್ಟಿಯನ್ನು ಕಾಲ ಕೆಳಗೆ ಸರಿಸಿ ನನ್ನ ಕಡೆ ತಿರುಗಿ ಕೂತಳು.

"ಏನವ್ವಾ ಅದು? ಯಾರವ್ವಾ ಆವಯ್ಯ?"

ನಾನು ಹೇಳತೊಡಗಿದೆ. ಹೆಸರು, ಊರು, ಕಣ, ಎಲ್ಲ. ನಂಜನಗೂಡು ಬರುವವರೆಗೂ ಹೇಳಿದೆ, ಹಿಂದಿನ ಬಾಗಿಲಲ್ಲಿ ನೇತಾಡುತ್ತಿದ್ದವರಿಗೂ ಕೇಳುವಷ್ಟು ಜೋರಾಗಿ.